ಅಲುಗಾಡುವವರ ಫೋಟೋ

ನಮ್ಮ ಸ್ಟುಡಿಯೋ ಮಾವನ ಮುಂದೆ ಉಸಿರು ಬಿಗಿಹಿಡಿದು ಕೂರದವರು ಊರಿನಲ್ಲಿ ಕಡಿಮೆ. ಮಾವ ಅಂದರೆ ಅಮ್ಮನ ಅಣ್ಣ. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಗೋಡೆಯ ತುಂಬ ಬಣ್ಣದಲ್ಲಿ ಬರೆದ ಒಂದು ಸರೋವರ, ಅದರ ಮುಂದೊಂದು ಕಾಲು ಅಲ್ಲಾಡುವ ಸ್ಟೂಲು, ಎರಡು ಛತ್ರಿ ದೀಪ, ಬಾಗಿಲ ಪಕ್ಕದ ಕನ್ನಡಿಗೆ ದಾರ ಕಟ್ಟಿ ತೂಗುಹಾಕಿದ ಬಾಚಣಿಗೆ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಮಾವ "ಅಲುಗಾಡಬೇಡಿ" ಅನ್ನುತ್ತಿದ್ದರು. ಆ ಸ್ಟೂಲಿನ ಮೇಲೆ ಅಲುಗಾಡದೆ ಕೂರುವುದು ಎಷ್ಟು ಕಷ್ಟ ಅನ್ನುವುದು ಕೂತವರಿಗೇ ಗೊತ್ತು.

ಅವರ ನಿಜವಾದ ಕೈಚಳಕ ಇದ್ದದ್ದು ಫೋಟೋ ತೆಗೆದ ಮೇಲೆ. ನೆಗೆಟಿವನ್ನು ಗಾಜಿನ ಮೇಲಿಟ್ಟು, ಕೆಳಗೆ ದೀಪ ಹಚ್ಚಿ, ಕೂದಲಿನಷ್ಟು ಸಣ್ಣ ಕುಂಚದಲ್ಲಿ ಗಂಟೆಗಟ್ಟಲೆ ತಿದ್ದುತ್ತಿದ್ದರು. ಮೊಡವೆ, ಕಲೆ, ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ಗುಳಿ, ಎಲ್ಲ ಮಾಯ. ಅವರ ಸ್ಟುಡಿಯೋದೊಳಗೆ ಹೋದ ಹಾಗೇ ಹೊರಗೆ ಬಂದವರು ಯಾರೂ ಇಲ್ಲ. ಜನಕ್ಕೂ ಅದೇ ಬೇಕಿತ್ತು. ಮಾವನ ಹೆಸರು ಮೂರು ಊರಿಗೆ ಹಬ್ಬಿತ್ತು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಸ್ಟುಡಿಯೋ ಮೆಟ್ಟಿಲು ಹತ್ತುವವರು ದಿನದಿಂದ ದಿನಕ್ಕೆ ಕಡಿಮೆಯಾದರು. ಮಾವ ಸ್ವಲ್ಪ ಕಾಲ ಮುಖ ಊದಿಸಿಕೊಂಡು ಕೂತರು, ಆಮೇಲೆ ಎದ್ದು ಏಣಿ ಕೊಂಡರು. ಅಂಗಡಿಗಳಿಗೆ, ಗೋದಾಮುಗಳಿಗೆ ಕಾವಲು ಕ್ಯಾಮೆರಾ ಹಾಕುವ ಕೆಲಸ ಶುರುವಾಯಿತು. ಆ ವಯಸ್ಸಿನಲ್ಲಿ ವೈರು ಎಳೆದು, ಗೋಡೆ ಕೊರೆದು, ಫೋನಿಗೆ ಜೋಡಿಸಿಕೊಡುವುದು ಕಲಿತರು ಎಂದರೆ ಮೆಚ್ಚಲೇಬೇಕು. ನಾನು ಯಾರನ್ನೂ ಸುಲಭಕ್ಕೆ ಮೆಚ್ಚುವವಳಲ್ಲ. ಹೊಲಿಗೆ ಅಂಗಡಿ ಇಟ್ಟವಳು ನಾನು. ನನ್ನ ಕತ್ತರಿಗಿಂತ ನಾಲಿಗೆಯೇ ಹರಿತ ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ.

ಆದರೆ ಹಳೆಯ ಚಾಳಿ ಎಲ್ಲಿ ಬಿಟ್ಟೀತು? ಮಾವ ಹಾಕಿದ ಕ್ಯಾಮೆರಾಗಳ ಚಿತ್ರ ನೋಡಲು ಬಹಳ ಚಂದ. ಒಂದೊಂದು ಸೆಟ್ಟಿಂಗನ್ನೂ ಕೂತು ತಿದ್ದುತ್ತಿದ್ದರು. ಬೇಕರಿಯಲ್ಲಿ ಯಾರೋ ಗಲ್ಲಾಪೆಟ್ಟಿಗೆಗೆ ಕೈಹಾಕಿದಾಗ ಬೇಕರಿಯವನು ಚಿತ್ರ ತೆಗೆದು ಬೀದಿಗೆಲ್ಲ ತೋರಿಸಿದ. ಕಳ್ಳ ಮದುಮಗನ ಹಾಗೆ ಹೊಳೆಯುತ್ತಿದ್ದ. ಮುಖದಲ್ಲಿ ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ. ಅವನು ಯಾರು ಎಂದು ಒಬ್ಬರಿಗೂ ಗುರುತು ಸಿಗಲಿಲ್ಲ.

"ಮಾವ, ಕಳ್ಳನಿಗೂ ಟಚಪ್ ಮಾಡಿದ್ರಾ?" ಅಂತ ನಾನು ಕೇಳಿದೆ.

"ಚಿತ್ರ ಅಂದ ಮೇಲೆ ಚೆನ್ನಾಗಿರಬೇಕು ಕಣೇ," ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಅಕ್ಕನ ವಿಷಯ. ಅಕ್ಕ ನನಗಿಂತ ದೊಡ್ಡವಳು, ನಲವತ್ತು ದಾಟಿದವಳು. ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತದೆ. ಮಾತ್ರೆಯಿಂದ ಎಷ್ಟೋ ಹತೋಟಿಗೆ ಬಂದಿದೆ, ಆದರೂ ಅದು ಹೇಳಿ ಕೇಳಿ ಬರುವ ನೆಂಟನಲ್ಲ. ಶಾಲೆಯ ಮೆಟ್ಟಿಲ ಮೇಲೆ ಮೊದಲ ಸಲ ಬಿದ್ದಾಗ ಎಡ ಹುಬ್ಬು ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಆ ಗೀರು ಇವತ್ತಿಗೂ ಇದೆ. ಅವತ್ತಿನಿಂದ ಅವಳ ಬದುಕೆಲ್ಲ ಓಡಬೇಡ, ಹತ್ತಬೇಡ, ಒಬ್ಬಳೇ ಹೋಗಬೇಡ. ಸ್ಟುಡಿಯೋ ಮಾವನಾದರೋ ಕ್ಲಿಕ್ ಅನ್ನಿಸುವ ತನಕ ಮಾತ್ರ ಅಲುಗಾಡಬೇಡ ಅನ್ನುತ್ತಿದ್ದರು. ಅಮ್ಮ ದಿನವಿಡೀ ಅನ್ನುತ್ತಿದ್ದಳು.

ಅಕ್ಕನಿಗೆ ತನ್ನದು ಅಂತ ಇದ್ದದ್ದು ಮನೆಯ ಹಿಂದಿನ ಉದ್ದನೆಯ ಅಂಗಳ. ಅಲ್ಲಿ ಅವಳು ಗಿಡ ಬೆಳೆಸಿ ಮಾರುತ್ತಿದ್ದಳು. ಮೇಲೆ ಹಸಿರು ನೆರಳು ಬಲೆ, ಕೆಳಗೆ ಸಾಲು ಸಾಲು ಕುಂಡ, ಕಪ್ಪು ಕವರುಗಳಲ್ಲಿ ಸಸಿ, ಪಕ್ಕದಲ್ಲಿ ಬೀದಿಗೆ ತೆರೆಯುವ ಗೇಟು, ತುದಿಯಲ್ಲಿ ಸುಣ್ಣ ಬಳಿದ ಗೋಡೆ, ಗೋಡೆಯ ಬುಡಕ್ಕೆ ಸಿಮೆಂಟಿನ ನೀರಿನ ತೊಟ್ಟಿ. ಮನೆಯೊಳಗೆ ಬಾಯಿ ಬಿಡದವಳು ಅಲ್ಲಿ ರಾಣಿ. ಬಂದವರನ್ನು ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದಳು. "ಮನೆ ಮುಂದೆ ಬಿಸಿಲು ಬೀಳುತ್ತಾ? ಬೀಳಲ್ವಾ? ಹಾಗಾದ್ರೆ ಗುಲಾಬಿ ಕೊಡಲ್ಲ, ಸಾಯಿಸ್ತೀರ. ಈ ಕ್ರೋಟನ್ ತಗೊಂಡು ಹೋಗಿ." ಜನ ಬೈಸಿಕೊಂಡು, ನಗುತ್ತಾ, ಕ್ರೋಟನ್ ಎತ್ತಿಕೊಂಡು ಹೋಗುತ್ತಿದ್ದರು.

ಒಂದು ದಿನ ಅವಳು ತೊಟ್ಟಿಯ ಪಕ್ಕದಲ್ಲೇ ಬಿದ್ದಳು. ಗಿಡ ಕೊಳ್ಳಲು ಬಂದ ಹೆಂಗಸೊಬ್ಬರು ನೋಡಿ ಕೂಗಿದರು. ಅಡುಗೆಮನೆ ಇರುವುದು ಮನೆಯ ಮುಂಭಾಗದಲ್ಲಿ, ಅಮ್ಮನ ಕಿವಿಯೂ ಮಂದ. ಕೂಗಿದ್ದು ಕೇಳಲೇ ಇಲ್ಲ, ಅವರೇ ಒಳಗೆ ಓಡಿಬಂದು ಹೇಳಬೇಕಾಯಿತು. ಅಕ್ಕನ ತಲೆ ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ನೀರಿನೊಳಗೆ ಇರುತ್ತಿತ್ತು. ಅದನ್ನು ಕೇಳಿದಾಗಿನಿಂದ ಅಮ್ಮ ಅಮ್ಮನಾಗಿ ಉಳಿಯಲಿಲ್ಲ.

ಮಾರನೇ ದಿನವೇ ನಾನು ತೊಟ್ಟಿಗೆ ಗಟ್ಟಿ ಮುಚ್ಚಳ ಮಾಡಿಸಿದೆ. ಅಮ್ಮನ ಭಯಕ್ಕೆ ಮುಚ್ಚಳ ಮಾಡುವವರು ಯಾರು? ತೊಟ್ಟಿ ಹೋದರೆ ಕಲ್ಲು, ಕಲ್ಲು ಹೋದರೆ ಸಲಿಕೆ. ಮಂಡಿ ನೋವು ಇಟ್ಟುಕೊಂಡು ಹಿತ್ತಲಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಅಕ್ಕನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಅಕ್ಕ ಬಗ್ಗಿದರೆ "ಏಳು", ಎದ್ದರೆ "ಕೂತ್ಕೋ". ಒಲೆಯ ಮೇಲಿಟ್ಟದ್ದೆಲ್ಲ ಸೀದುಹೋಗುತ್ತಿತ್ತು. ಕೊನೆಗೆ ಹಿತ್ತಲಿನ ಬಾಗಿಲಿಗೆ ಬೀಗ ಬಿತ್ತು. ಮೂಲೆಮನೆಯ ವ್ಯಾನಿನವರು ಬಹಳ ದಿನದಿಂದ ಆ ಜಾಗ ಕೇಳುತ್ತಿದ್ದರು, ತಮ್ಮ ಬಾಡಿಗೆ ವ್ಯಾನುಗಳನ್ನು ನಿಲ್ಲಿಸುವುದಕ್ಕೆ. ಅಮ್ಮ ಅವರಿಗೆ ಹೂಂ ಅಂದುಬಿಡುವ ಹಾಗಿದ್ದಳು.

ಅಕ್ಕ ಜಗಳವಾಡಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಪುದೀನಾ ಕುಂಡ ಇಟ್ಟುಕೊಂಡು, ಅದಕ್ಕೆ ದಿನಕ್ಕೆ ನಾಲ್ಕು ಸಲ ನೀರು ಹಾಕಿ ಹಾಕಿ ಕೊಳೆಸಿದಳು. ಕೈತಪ್ಪಿಯೂ ಒಂದು ಗಿಡ ಕೊಲ್ಲದವಳು. ಆ ಕೊಳೆತ ಕುಂಡ ನೋಡಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಸುಮ್ಮನೆ ಕೂರುವವಳಲ್ಲ. ನೇರ ಮಾವನ ಹತ್ತಿರ ಹೋದೆ.

ಮಾವ ಎಲ್ಲ ಕೇಳಿಸಿಕೊಂಡು, "ಕತ್ತು ತಿರುಗಿಸೋ ಕ್ಯಾಮೆರಾ ಬಂದಿದೆ ಕಣೇ. ನಡೆಯೋರ ಹಿಂದೆ ತಾನೇ ತಿರುಗುತ್ತೆ. ಅವಳು ಎಲ್ಲಿ ಹೋದ್ರೂ ನಿಮ್ಮಮ್ಮನ ಫೋನಲ್ಲಿ ಕಾಣ್ತಿರುತ್ತೆ," ಅಂದರು. ಅವತ್ತೇ ಏಣಿ, ಕಂಬ, ಡ್ರಿಲ್ಲು ಸಮೇತ ಬಂದರು.

ಅಮ್ಮ ಒಂದು ಮಾತಿಗೆ ಒಪ್ಪಿದಳು. "ನೋಡಣ್ಣ, ನಾನು ಫೋನ್ ತೆಗೆದ ತಕ್ಷಣ ಅವಳು ಕಾಣಬೇಕು. ಯಾವಾಗ ತೆಗೆದ್ರೂ ಕಾಣಬೇಕು. ಈ ತಿಂಗಳು ಪರೀಕ್ಷೆಗೆ ಬಾಗಿಲು ತೆಗೆದಿರ್ತೀನಿ. ಕಾಣ್ತಾಳೆ ಅಂದ್ರೆ ಆಮೇಲೂ ಬೀಗ ಹಾಕಲ್ಲ. ಕಾಣಲ್ಲ ಅಂದ್ರೆ ತಿಂಗಳ ಕೊನೆಗೆ ವ್ಯಾನಿನವರಿಗೆ ಜಾಗ ಕೊಡ್ತೀನಿ. ಆಮೇಲೆ ನನ್ನ ತಲೆ ತಿನ್ನಬೇಡಿ."

"ಕಾಣ್ತಾಳೆ ಬಿಡಮ್ಮ," ಅಂದರು ಮಾವ. ಅಕ್ಕ ತನ್ನ ಹಸಿರು ಮೇಲಂಗಿ ಹಾಕಿಕೊಂಡು ಬಾಗಿಲ ಬಳಿ ಹೋಗಿ ನಿಂತಳು.

ಕ್ಯಾಮೆರಾ ಚೆಂಡಿನಷ್ಟು ದಪ್ಪ, ಬಿಳಿ ಬಣ್ಣ. ಅಂಗಳದ ನಡುವೆ ಕಂಬದ ಮೇಲೆ ಕೂತು ಗುಂಯ್ ಅಂತ ಕತ್ತು ತಿರುಗಿಸುತ್ತಿತ್ತು. ಮಾವ ಅರ್ಧ ದಿನ ಸೆಟ್ಟಿಂಗು ತಿದ್ದಿದರು. ಚಿತ್ರ ನೋಡಿ ನಾವೆಲ್ಲ ಬೆರಗಾದೆವು. ನಮ್ಮ ಹಿತ್ತಲೋ ಕ್ಯಾಲೆಂಡರಿನ ತೋಟವೋ ಅನ್ನಿಸಿತು. ಬೆಳಕು ಹಾಲಿನ ಹಾಗೆ ಚೆಲ್ಲಿತ್ತು, ಎಲೆಗಳು ಬೆಣ್ಣೆಯಲ್ಲಿ ಅದ್ದಿದ ಹಾಗೆ ಮಿದುವಾಗಿದ್ದವು. ಅಮ್ಮನೂ "ಪರವಾಗಿಲ್ಲ" ಅಂದಳು. ಅಮ್ಮನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಅಕ್ಕ ಕುಂಡಗಳ ನಡುವೆ ನಡೆದಳು. ಕ್ಯಾಮೆರಾ ಅವಳ ಹಿಂದೆ ಎರಡು ಹೆಜ್ಜೆ ತಿರುಗಿತು. ಅಷ್ಟರಲ್ಲಿ ಗಾಳಿಗೆ ನೆರಳು ಬಲೆಯ ಮೂಲೆ ಪಟಪಟ ಹೊಡೆದುಕೊಂಡಿತು. ಕ್ಯಾಮೆರಾ ಅಕ್ಕನನ್ನು ಅಲ್ಲೇ ಬಿಟ್ಟು ಬಲೆಯ ಮೂಲೆಯನ್ನು ನೋಡುತ್ತಾ ನಿಂತಿತು.

"ಹೊಸದಲ್ವಾ, ಸ್ವಲ್ಪ ತಡವರಿಸುತ್ತೆ," ಅಂದರು ಮಾವ.

ಅದು ತಡವರಿಸಿದ್ದು ಒಂದೆರಡು ಸಲವಲ್ಲ. ಆ ವಾರವೆಲ್ಲ ಕ್ಯಾಮೆರಾ ಏನನ್ನು ನೋಡಿತು ಅಂದರೆ, ಎದುರುಮನೆಯ ಬೆಕ್ಕನ್ನು ನೋಡಿತು, ನೀರು ಚಿಮುಕಿಸುವ ಪೈಪನ್ನು ನೋಡಿತು, ಒಂದು ಕೆಂಪು ಕ್ರೋಟನ್ ಗಿಡವನ್ನಂತೂ ಮಧ್ಯಾಹ್ನ ಪೂರ್ತಿ ಮೈಮರೆತು ನೋಡಿತು. ನಮ್ಮ ಅಕ್ಕನನ್ನು ಬಿಟ್ಟು. ಹಸಿರು ಮೇಲಂಗಿಯ ಅಕ್ಕ ಗಿಡಗಳ ನಡುವೆ ನಡೆದರೆ ಫೋನಿನಲ್ಲಿ ಒಂದು ಹಸಿರು ಹೊಗೆ ತೇಲಿದ ಹಾಗೆ ಕಾಣುತ್ತಿತ್ತು. ಬಿಳಿಗೋಡೆಯ ಕಡೆ ಹೋದರೆ ಗೋಡೆಯ ಬಿಸಿಲಿಗೆ ಕರಗಿಯೇ ಹೋಗುತ್ತಿದ್ದಳು. ಕುಂಡಕ್ಕೆ ಮಣ್ಣು ತುಂಬಲು ಕೂತಳೋ, ಕ್ಯಾಮೆರಾ ಸ್ವಲ್ಪ ಹೊತ್ತು ಕಾದು, ಇಲ್ಲಿ ಯಾರೂ ಇಲ್ಲ ಅಂದುಕೊಂಡು, ಬೀದಿಯ ಗೇಟಿನ ಕಡೆ ಮುಖ ತಿರುಗಿಸಿಬಿಡುತ್ತಿತ್ತು. ಕೆಲಸವಿಲ್ಲದಾಗ ಅದು ಮುಖ ಮಾಡಿ ಕೂರುವುದು ಆ ಕಡೆಗೇ.

ಅಮ್ಮ ಫೋನು ತೆಗೆದರೆ ಬರೀ ಗೇಟು. ಜೀವ ಬಾಯಿಗೆ ಬಂದು, ಕೈಯಲ್ಲಿದ್ದ ಸೌಟಿನ ಸಮೇತ ಹಿತ್ತಲಿಗೆ ಓಡಿಬರುತ್ತಿದ್ದಳು. ಅಲ್ಲಿ ಅಕ್ಕ ಹಾಯಾಗಿ ಮಣ್ಣಲ್ಲಿ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೀಗೆ ದಿನಕ್ಕೆ ಹತ್ತು ಸಲ ಓಡಿದರೆ ಬೀಳುವವಳು ಅಕ್ಕನಲ್ಲ, ಅಮ್ಮ ಅಂತ ನನಗೆ ಭಯವಾಯಿತು.

ಮಾವ ದಿನಾ ಬಂದು ಏಣಿ ಹತ್ತುತ್ತಿದ್ದರು. ಬೆಳಕು ಸಾಲದು ಅಂತ ಬೆಳಕು ಹೆಚ್ಚಿಸುತ್ತಿದ್ದರು, ಚಿತ್ರದಲ್ಲಿ ಕಾಳು ಕಾಳು ಕಾಣುತ್ತದೆ ಅಂತ ನುಣುಪು ಹೆಚ್ಚಿಸುತ್ತಿದ್ದರು. ಚಿತ್ರ ಇನ್ನಷ್ಟು ಚಂದವಾಗುತ್ತಿತ್ತು, ಕ್ಯಾಮೆರಾ ಇನ್ನಷ್ಟು ಕುರುಡಾಗುತ್ತಿತ್ತು. ನಾನು ಸುಮ್ಮನಿರದೆ, "ಮಾವ, ಆ ಕ್ರೋಟನ್ ಗಿಡಕ್ಕೂ ನಿಮ್ಮ ಕ್ಯಾಮೆರಾಕ್ಕೂ ಮದುವೆ ಮಾಡಿಸಿಬಿಡಿ," ಅಂದೆ. ಮಾವ ನಗಲಿಲ್ಲ. ಆ ಮುಖ ನೋಡಿ ನನ್ನ ನಗುವೂ ನಿಂತಿತು.

ತಿಂಗಳು ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ವ್ಯಾನಿನವರು ಟೇಪು ಹಿಡಿದುಕೊಂಡು ಬಂದು ಅಂಗಳ ಅಳೆದರು. ಅಳೆಯಲು ಅಡ್ಡವಾಗುತ್ತದೆ ಅಂತ ಒಂದು ಸಾಲು ಕುಂಡಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಅಕ್ಕ ಅವರು ಹೋಗುವ ತನಕ ಕಾದು, ಒಂದೊಂದೇ ಕುಂಡ ಎತ್ತಿ ಮೊದಲಿದ್ದ ಜಾಗಕ್ಕೇ ಇಟ್ಟಳು.

ಆ ಹೊತ್ತಿಗೆ ಮಾವ ಏಣಿಯ ಕೆಳಗೆ ಫೋನು ಹಿಡಿದು ಕೂತಿದ್ದರು. ಅಕ್ಕ ಕೈ ಒರೆಸಿಕೊಂಡು ಬಂದು ಅವರ ಪಕ್ಕದಲ್ಲಿ ಕೂತಳು. ಕ್ಯಾಮೆರಾ ಅಪರೂಪಕ್ಕೆ ಇಬ್ಬರನ್ನೂ ಹಿಡಿದಿತ್ತು. ಮಾವ ಚಿತ್ರವನ್ನು ಹತ್ತಿರಕ್ಕೆ ಎಳೆದು ಅವಳ ಮುಖ ದೊಡ್ಡದು ಮಾಡಿ ತೋರಿಸಿದರು. "ನೋಡು, ಎಷ್ಟು ಚೆನ್ನಾಗಿ ಬಂದಿದೀಯ."

ಅಕ್ಕ ಬಹಳ ಹೊತ್ತು ನೋಡಿದಳು. "ನನ್ನ ಹುಬ್ಬಿನ ಗೀರು ಎಲ್ಲಿ ಹೋಯ್ತು ಮಾವ?"

ಮಾವ ಅವಳ ಮುಖ ನೋಡಿದರು, ಫೋನು ನೋಡಿದರು. ಫೋನಿನಲ್ಲಿ ಗೀರು ಇರಲಿಲ್ಲ.

"ಅವತ್ತೂ ಹೀಗೇ ಅಳಿಸಿದ್ರಿ," ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಸ್ಟುಡಿಯೋ ಮೆಟ್ಟಿಲ ಕೆಳಗಿನ ಗಾಜಿನ ಪೆಟ್ಟಿಗೇಲಿ ನನ್ನ ದೊಡ್ಡ ಫೋಟೋ ಇಟ್ಟಿದ್ರಲ್ಲ, ಕಾಲೇಜಿಗೆ ಹೋಗ್ತಿದ್ದಾಗ. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರು. ನಾನು ದಿನಾ ಆ ದಾರೀಲಿ ಹೋಗ್ತಾ ನೋಡ್ತಿದ್ದೆ. ಆ ಹುಡುಗಿ ಯಾವತ್ತೂ ಬಿದ್ದೇ ಇಲ್ಲ ಅನ್ನಿಸ್ತಿತ್ತು. ನಾನು ಬೇರೆ ಯಾರೋ ಅನ್ನಿಸ್ತಿತ್ತು."

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ನನಗೆ ಆ ಫೋಟೋ ನೆನಪಿತ್ತು. ಅದನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟಿದ್ದೂ ನೆನಪಿತ್ತು. ಅವಳು ಆ ಗಾಜಿನ ಮುಂದೆ ನಿಂತು ಇಂಥದ್ದೊಂದು ಯೋಚನೆ ಮಾಡುತ್ತಿದ್ದಳು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮಾವನ ಕಣ್ಣು ಒದ್ದೆಯಾಯಿತು.

"ಚೆನ್ನಾಗಿರಲಿ ಅಂತ ಮಾಡಿದ್ದು ಕಣೇ," ಅಂದರು.

"ಗೊತ್ತು ಮಾವ," ಅಂದಳು ಅಕ್ಕ.

ಮಾವ ಮತ್ತೆ ಫೋನು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಬದಲಾಯಿತು. ಹಳೆಯ ದಿನಗಳಲ್ಲಿ ಗಾಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು ಬಗ್ಗುತ್ತಿದ್ದ ಹಾಗೆ ಬಗ್ಗಿ, ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. "ಗೀರು ಒರೆಸಿದೆ ಅಂದ್ರೆ ಮೂಗೂ ಒರೆಸಿರುತ್ತೆ. ಭುಜದ ಅಂಚೂ ಒರೆಸಿರುತ್ತೆ. ಅಂಚೇ ಇಲ್ಲ ಅಂದ ಮೇಲೆ ಅದು ಇವಳನ್ನ ಗಿಡದಿಂದ ಬೇರೆ ಮಾಡೋದು ಹೇಗೆ?"

ಆಮೇಲೆ ನನಗೆ ವಿವರಿಸಿದ್ದು ಹೀಗೆ. ಬೆಳಕು ಹೆಚ್ಚು ಬರಲಿ ಅಂತ ಅವರು ಕ್ಯಾಮೆರಾದ ಶಟರು ನಿಧಾನ ಇಟ್ಟಿದ್ದರು, ಅಂದರೆ ಅದು ಒಂದೊಂದು ಚಿತ್ರಕ್ಕೂ ಕಣ್ಣು ಹೆಚ್ಚು ಹೊತ್ತು ತೆರೆದುಕೊಂಡಿರುತ್ತದೆ. ಕೂತವರಿಗೆ ಅದು ಸರಿ. ನಡೆಯುವವರು ಅಷ್ಟು ಹೊತ್ತಿನಲ್ಲಿ ಮುಂದೆ ಹೋಗಿರುತ್ತಾರೆ, ಚಿತ್ರದಲ್ಲಿ ಕಲಸಿಹೋಗುತ್ತಾರೆ. ಹಾಗೆ ಕಲಸಿದ್ದನ್ನು ನುಣುಪು ಮಾಡುವ ಸೆಟ್ಟಿಂಗು ಇನ್ನಷ್ಟು ಉಜ್ಜಿ ಒರೆಸಿಬಿಡುತ್ತದೆ. ಕ್ಯಾಮೆರಾ ಹಿಂಬಾಲಿಸುವುದು ಅಂಚನ್ನು ನೋಡಿಕೊಂಡು. ಅದಕ್ಕೆ ಚಂದ ಬೇಡ, ಅಂಚು ಬೇಕು.

"ನಲವತ್ತು ವರ್ಷ ಅಲುಗಾಡಬೇಡಿ ಅಲುಗಾಡಬೇಡಿ ಅಂತ ಬಾಯಿ ಬಡ್ಕೊಂಡೋನು ನಾನು," ಅಂದರು ಮಾವ. "ಅಲುಗಾಡೋರನ್ನ ಹಿಡಿಯೋ ಯಂತ್ರ ತಂದು, ಅದಕ್ಕೂ ಕೂತವರ ಸೆಟ್ಟಿಂಗೇ ಹಾಕಿದೀನಿ ನೋಡು."

ಅವತ್ತು ಅವರು ಸೆಟ್ಟಿಂಗುಗಳನ್ನೆಲ್ಲ ತಲೆಕೆಳಗು ಮಾಡಿದರು. ಶಟರು ಚುರುಕು ಮಾಡಿದರು. ನುಣುಪು ಇಳಿಸಿದರು. ಕಪ್ಪು ಬಿಳುಪಿನ ಅಂತರ ಏರಿಸಿದರು. ಬಿಳಿಗೋಡೆಯ ಝಳ ಕಣ್ಣಿಗೆ ಹೊಡೆಯದ ಹಾಗೆ ಅದಕ್ಕೊಂದು ಬೇರೆ ಸೆಟ್ಟಿಂಗು ಹಾಕಿದರು. ಪರದೆಯ ಮೇಲೆ ಬಲೆಯ ಮೂಲೆಗೆ ಬೆರಳಿನಲ್ಲಿ ಚೌಕ ಬರೆದು, ಇಲ್ಲಿ ನೋಡಬೇಡ ಅಂತ ಕ್ಯಾಮೆರಾಕ್ಕೆ ಹೇಳಿದರು. ಸಾಲದು ಅಂತ ನಾನು ಹೋಗಿ ಬಲೆಯನ್ನೇ ಹಗ್ಗದಿಂದ ಬಿಗಿದು ಕಟ್ಟಿದೆ. ಅಕ್ಕ ಕೂತಾಗ ಅವಸರಪಟ್ಟು ಗೇಟಿಗೆ ತಿರುಗದೆ, ಕೊನೆಗೆ ಕಂಡ ಜಾಗದಲ್ಲೇ ಕಾಯುವ ಹಾಗೆ ಮಾಡಿದರು. ಸಂಜೆ ಬೆಳಕು ಕಡಿಮೆಯಾದರೆ ಚಿತ್ರ ಕಪ್ಪಾಗುತ್ತದೆ ಅಂತ ಗೋಡೆಗೆ ಎರಡು ಟ್ಯೂಬ್‌ಲೈಟು ಸೇರಿಸಿದರು.

ನನ್ನ ಪಾಲಿಗೂ ಒಂದು ಕೆಲಸ ಬಂತು. ಹಸಿರು ಮೇಲಂಗಿ ಗಿಡದ ಜೊತೆ ಬೆರೆತುಹೋಗುತ್ತದೆ, ಬೇರೆ ಬಣ್ಣದ್ದು ಬೇಕು ಅಂದರು ಮಾವ. ನಾನು ಅಂಗಡಿಯಲ್ಲಿ ಉಳಿದಿದ್ದ ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ದೊಡ್ಡ ಜೇಬುಗಳಿಟ್ಟು ಹೊಲಿದುಕೊಟ್ಟೆ.

"ನಾನೇನು ರಸ್ತೆ ಅಗೆಯೋಕೆ ಹೋಗ್ತಿದೀನಾ?" ಅಂದಳು ಅಕ್ಕ. ಆದರೂ ಹಾಕಿಕೊಂಡಳು. ಕತ್ತರಿ, ದಾರ, ಬೀಜದ ಪೊಟ್ಟಣ ಎಲ್ಲ ಜೇಬಿನಲ್ಲಿ ಹಿಡಿಯುತ್ತವೆ ಅಂತ ಗೊತ್ತಾದ ಮೇಲೆ ಬಿಚ್ಚಲೇ ಇಲ್ಲ.

ಮಾವ ಫೋನು ಹಿಡಿದು ಕೂಗಿದರು. "ನಡಿ. ನಿಲ್ಲಬೇಡ. ಆ ಕಡೆ ಹೋಗು, ಈ ಕಡೆ ಬಾ, ಬಗ್ಗು, ಏಳು. ಅಲುಗಾಡು ಮಗಳೇ."

ಆ ಮಾತು ಅವರ ಬಾಯಿಂದ ಕೇಳಿ ನಮಗೆ ನಗು ತಡೆಯಲಾಗಲಿಲ್ಲ. ಅಕ್ಕ ಮೊದಲು ನಾಚಿಕೊಂಡು ನಡೆದಳು. ಆಮೇಲೆ ಕೈ ಬೀಸಿಕೊಂಡು ನಡೆದಳು. ಆಮೇಲೆ, ನಾನು ಕಣ್ಣಾರೆ ಕಂಡದ್ದು, ಕುಂಡಗಳ ನಡುವಿನ ದಾರಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಿದಳು. ಬುದ್ಧಿ ಬಂದಾಗಿನಿಂದ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ. ಕ್ಯಾಮೆರಾ ಗುಂಯ್ ಅಂತ ಕತ್ತು ತಿರುಗಿಸಿಕೊಂಡು ಅವಳ ಜೊತೆಗೇ ಬಂತು. ಎದುರುಮನೆಯ ಬೆಕ್ಕು ಗೋಡೆ ಹಾರಿದರೂ ಅತ್ತ ತಿರುಗಲಿಲ್ಲ.

ಚಿತ್ರ ಮಾತ್ರ ಅಧ್ವಾನ. ಎಲ್ಲ ಕಾಳು ಕಾಳು, ಒರಟು ಒರಟು. ಎಲೆಯ ಮೇಲಿನ ಧೂಳು, ಗೋಡೆಯ ಬಿರುಕು, ಮಾವನ ಕುತ್ತಿಗೆಯ ಸುಕ್ಕು ಎಲ್ಲವೂ ಕಾಣುತ್ತಿದ್ದವು. ಅಕ್ಕನ ಹುಬ್ಬಿನ ಗೀರು ಸ್ಪಷ್ಟವಾಗಿ ಕಾಣುತ್ತಿತ್ತು. ಅಮ್ಮ ಕನ್ನಡಕ ಏರಿಸಿ ನೋಡಿ ಮೂಗು ಮುರಿದಳು. "ಏನಣ್ಣ ಇದು, ಮೊದಲಿದ್ದದ್ದೇ ಚೆನ್ನಾಗಿತ್ತಲ್ಲ?"

"ಚೆನ್ನಾಗಿಲ್ಲ, ಒಪ್ತೀನಿ," ಅಂದರು ಮಾವ. "ನಿನ್ನ ಮಗಳು ಕಾಣ್ತಾಳೋ ಇಲ್ವೋ ಅಷ್ಟು ಹೇಳು."

ಅಮ್ಮ ಫೋನು ಎತ್ತಿಕೊಂಡು ಒಳಗೆ ಹೋದಳು. ಒಂದಷ್ಟು ದಿನ ಪರೀಕ್ಷೆ ಮಾಡಿದಳು. ಅಡುಗೆ ಮಾಡುತ್ತಾ ಮಾಡುತ್ತಾ ತಟ್ಟನೆ ಫೋನು ತೆಗೆಯುವುದು, ಸ್ನಾನಕ್ಕೆ ಹೋಗುವವಳು ಅರ್ಧದಲ್ಲಿ ವಾಪಸ್ಸು ಬಂದು ನೋಡುವುದು. ಯಾವಾಗ ನೋಡಿದರೂ ಕಿತ್ತಳೆ ಬಣ್ಣ ಕಣ್ಣೆದುರು. ಸೌಟು ಹಿಡಿದು ಓಡುವುದು ನಿಂತಿತು. ತಿಂಗಳು ಕಳೆದರೂ ವ್ಯಾನಿನವರಿಗೆ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹಿತ್ತಲಿನ ಬಾಗಿಲ ಬೀಗ ಕೊಕ್ಕೆಗೇ ನೇತಾಡುತ್ತಿತ್ತು. ಬಿದ್ದಾಗ ಏನಾಗುತ್ತದೋ ನೋಡದೆ ಅವಳು ನಂಬುವವಳಲ್ಲ, ಬೀಳಲಿ ಅಂತ ಬಯಸುವ ತಾಯಿಯೂ ಅಲ್ಲ. ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಳು.

ಅದು ಬಂದದ್ದು ಒಂದು ಮಧ್ಯಾಹ್ನ. ನಾನು ಅಂಗಡಿಯಲ್ಲಿ ಒಂದು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತಿದ್ದೆ. ಮಾವ ನನ್ನ ಫೋನಿಗೂ ಕ್ಯಾಮೆರಾ ಜೋಡಿಸಿಕೊಟ್ಟಿದ್ದರು. ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟಿದ್ದ ಅದರಲ್ಲಿ ಅಕ್ಕ ಒಂದು ಗುಲಾಬಿ ಕುಂಡ ಎತ್ತಿಕೊಂಡು ನಡೆಯುತ್ತಿದ್ದಳು. ನಡೆಯುತ್ತಿದ್ದವಳು ನಿಂತಳು. ತಲೆ ಒಂದು ಪಕ್ಕಕ್ಕೆ ತಿರುಗಿತು, ಕುಂಡ ಕೈಯಿಂದ ಜಾರಿತು, ಅವಳು ಕುಸಿದಳು. ಕ್ಯಾಮೆರಾ ಅವಳ ಜೊತೆಗೇ ಕತ್ತು ಬಗ್ಗಿಸಿತು. ಮಣ್ಣಿನ ಮೇಲೆ ಕಿತ್ತಳೆ ಬಟ್ಟೆ ಅದುರುತ್ತಿತ್ತು, ಕ್ಯಾಮೆರಾ ಬಿಡದೆ ನೋಡುತ್ತಿತ್ತು.

ನಾನು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಎದ್ದೆ. ಬಾಗಿಲು ದಾಟುವಷ್ಟರಲ್ಲೇ ಫೋನಿನ ಚಿತ್ರದೊಳಗೆ ಅಮ್ಮ ಬಂದಳು. ಮಂಡಿನೋವಿನ ಅಮ್ಮ ಅಷ್ಟು ಬೇಗ ಹೇಗೆ ಬಂದಳೋ. ಡಾಕ್ಟರು ಹೇಳಿಕೊಟ್ಟ ಹಾಗೆ ಅಕ್ಕನನ್ನು ಪಕ್ಕಕ್ಕೆ ಹೊರಳಿಸಿ, ಸುತ್ತಲಿನ ಕುಂಡಗಳನ್ನು ದೂರ ತಳ್ಳಿ, ತನ್ನ ಕೈಯನ್ನು ಅವಳ ತಲೆಯ ಅಡಿಗೆ ಕೊಟ್ಟಳು. ನಾನು ಬೀದಿಯಲ್ಲಿ ಓಡುತ್ತಾ, ಜನಕ್ಕೆ ಡಿಕ್ಕಿ ಹೊಡೆಯುತ್ತಾ, ಅದನ್ನೆಲ್ಲ ನೋಡಿದೆ.

ನಾನು ಹಿತ್ತಲು ತಲುಪಿದಾಗ ಅದುರುವುದು ನಿಂತಿತ್ತು. ಅಮ್ಮ ಮಣ್ಣಿನಲ್ಲೇ ಕಾಲು ಚಾಚಿ ಕೂತು, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎಲ್ಲೂ ಗಾಯವಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. ಎಲ್ಲಿದ್ದೇನೆ ಅಂತ ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವಳ ಮೊದಲ ಮಾತು, "ಬೀಗ ಹಾಕ್ತೀಯಾ ಅಮ್ಮ?"

ಅಮ್ಮ ಹಾಕುತ್ತಾಳೆ ಅಂತಲೇ ನಾನೂ ಅಂದುಕೊಂಡಿದ್ದೆ.

ಅಮ್ಮ ಅವಳ ಕೂದಲಿಂದ ಮಣ್ಣು ಬಿಡಿಸುತ್ತಾ ಹೇಳಿದಳು. "ಇಷ್ಟು ವರ್ಷ ನೀನು ಬಿದ್ದಾಗೆಲ್ಲ ನಾನು ಇನ್ನೆಲ್ಲೋ ಇರ್ತಿದ್ದೆ. ಶಾಲೇಲಿ ಬಿದ್ದಾಗ ದಿನಸಿ ಅಂಗಡೀಲಿದ್ದೆ. ತೊಟ್ಟಿ ಹತ್ರ ಬಿದ್ದಾಗ ಒಲೆ ಮುಂದಿದ್ದೆ. ಯಾರೋ ಬಂದು ಹೇಳಬೇಕಿತ್ತು ನಂಗೆ. ಇವತ್ತು ನಾನೇ ನೋಡಿದೆ, ನಾನೇ ಬಂದೆ." ಕೊನೆಯ ಚೂರು ಮಣ್ಣು ಕೊಡವಿ, "ಬೀಗ ಯಾಕೆ ಹಾಕ್ಲಿ? ಏಳು ಮೆಲ್ಲಗೆ. ಒಳ್ಳೆ ಕುಂಡ ಒಡೆದುಹಾಕಿದೀಯ," ಅಂದಳು. ಅಂದವಳೇ ಜೋರಾಗಿ ಅತ್ತಳು. ನಾನೂ ಅತ್ತೆ. ಬಿದ್ದವಳೇ ನಮ್ಮಿಬ್ಬರನ್ನೂ ಸಮಾಧಾನ ಮಾಡಬೇಕಾಯಿತು.

ವ್ಯಾನಿನವರಿಗೆ ಅಮ್ಮನೇ ಫೋನು ಮಾಡಿ, ಜಾಗ ಖಾಲಿಯಿಲ್ಲ, ಅಲ್ಲಿ ನಮ್ಮ ದೊಡ್ಡವಳ ವ್ಯಾಪಾರ ನಡೀತಿದೆ ಅಂದಳು. ಬೀಗವನ್ನು ಕೊಕ್ಕೆಯಿಂದ ತೆಗೆದು ಅಕ್ಕಿ ಡಬ್ಬದ ಹಿಂದೆ ಎಸೆದಳು. ಅಕ್ಕ ಎರಡು ದಿನ ಸುಧಾರಿಸಿಕೊಂಡು ಮೂರನೇ ದಿನ ಗುಲಾಬಿಯನ್ನು ಹೊಸ ಕುಂಡಕ್ಕೆ ನೆಟ್ಟಳು. ಡಾಕ್ಟರ ಹತ್ತಿರ ಹೋಗಿ ಮಾತ್ರೆಯನ್ನೂ ಸ್ವಲ್ಪ ಬದಲಾಯಿಸಿಕೊಂಡು ಬಂದೆವು.

ಮಾವ ಊರಿನಲ್ಲಿ ತಾವು ಹಾಕಿದ ಕ್ಯಾಮೆರಾಗಳನ್ನೆಲ್ಲ ಒಂದೊಂದಾಗಿ ಕೆಡಿಸುತ್ತಾ ಬಂದರು. ಕೆಡಿಸುವುದು ಅನ್ನುವುದು ಅವರದೇ ಮಾತು. ಬೇಕರಿಯವನು ಚಿತ್ರ ಒರಟಾಯಿತು ಅಂತ ಗೊಣಗಿದ. ಮುಂದಿನ ಸಲ ಬಿಸ್ಕತ್ತಿನ ಪೊಟ್ಟಣ ಎತ್ತಿದವನ ಗುರುತು ಮಧ್ಯಾಹ್ನದೊಳಗೆ ಸಿಕ್ಕಿದ ಮೇಲೆ ಗೊಣಗುವುದು ಬಿಟ್ಟ.

ಮೊನ್ನೆ ಊಟದ ಹೊತ್ತಿಗೆ ನಾನು ಮನೆಗೆ ಬಂದಾಗ ಮಾವ ಹಿತ್ತಲಲ್ಲಿ ಏಣಿಯ ಮೇಲಿದ್ದರು. ಕ್ಯಾಮೆರಾದ ಗಾಜಿಗೆ ಹತ್ತಿದ ಧೂಳು ಒರೆಸುತ್ತಿದ್ದರು. ಒರೆಸಿ, ಫೋನಿನಲ್ಲಿ ಅಕ್ಕನ ಚಿತ್ರ ನೋಡಿ, ತಡೆಯಲಾರದೆ ಕೇಳಿದರು. "ಒಂದು ಚೂರು, ಒಂದೇ ಒಂದು ಚೂರು ನುಣುಪು ಮಾಡ್ಲಾ?"

"ಮುಟ್ಟಬೇಡಿ ಮಾವ," ಅಂದಳು ಅಕ್ಕ ತಲೆಯೆತ್ತದೆ.

ಅವಳು ನೀರು ಕುಡಿಯಲು ಒಳಗೆ ಬಂದಳು, ನಾನು ಅವಳ ಹಿಂದೆಯೇ ಬಂದೆ. ಅಡುಗೆಮನೆಯಲ್ಲಿ ಸದ್ದಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಒರಗಿ ನಿದ್ದೆ ಹೋಗಿದ್ದಳು. ಫೋನು ಮಡಿಲಲ್ಲಿತ್ತು, ಅದರ ಮೇಲೆ ಅವಳ ಅಂಗೈ, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಸಣ್ಣಗೆ ಗೊರಕೆ. ಅಕ್ಕ ಶಾಲೆಯ ಮೆಟ್ಟಿಲ ಮೇಲೆ ಬಿದ್ದ ದಿನದಿಂದ ಅಮ್ಮ ಹಗಲಲ್ಲಿ ಕಣ್ಣು ಮುಚ್ಚಿದ್ದನ್ನು ನಾವಿಬ್ಬರೂ ಕಂಡಿರಲಿಲ್ಲ.

ಅಕ್ಕ ಅಲ್ಲೇ ನಿಂತು ನೋಡಿದಳು. ಆಮೇಲೆ ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹಿತ್ತಲಿಗೆ ಹೋದಳು. ಹೊರಗೆ ಕ್ಯಾಮೆರಾ ಕತ್ತು ತಿರುಗಿಸಿದ ಸದ್ದು ಕೇಳಿಸಿತು. ನಾನು ಅನ್ನ ಬಡಿಸಿಕೊಳ್ಳುವುದನ್ನೂ ಬಿಟ್ಟು ನನ್ನ ಫೋನಿನಲ್ಲಿ ಕಿತ್ತಳೆ ಬಣ್ಣ ನೋಡಿಕೊಂಡು ಮೆಲ್ಲಗೆ ಅಂಗಡಿಗೆ ಹೊರಟೆ, ಅಮ್ಮ ಇನ್ನಷ್ಟು ಹೊತ್ತು ಮಲಗಲಿ ಅಂತ.